ಬೆಂಚಿನ ಮೇಲೆ ಕುಳಿತವನ ಕಣ್ಣು

ಫುಟ್‌ಬಾಲ್ ಪಂದ್ಯ ನೋಡಲು ಹೋದವರ ಕಣ್ಣು ಚೆಂಡಿನ ಬೆನ್ನು ಹತ್ತಿ ಓಡುತ್ತದೆ, ಅದು ಸಹಜ. ಮೈದಾನದ ಅಂಚಿನಲ್ಲಿ, ಚೆಂಡು ಎಂದೂ ಸುಳಿಯದ ಎಡೆಯಲ್ಲಿ, ಒಂದು ಬೆಂಚು ಇರುತ್ತದೆ. ಕರೆ ಬಂದರೆ ಆಡಲೆಂದು ಕಾದಿರುವವರು ಅದರ ಮೇಲೆ ಕುಳಿತಿರುತ್ತಾರೆ. ಅವರೊಳಗೂ ಅತ್ಯಂತ ಕಷ್ಟದ ಪಾಲು ಎರಡನೆಯ ಗೋಲ್‌ಕೀಪರನದು. ಮುನ್ನುಗ್ಗುವ ಆಟಗಾರನು ದಣಿದರೆ ಇನ್ನೊಬ್ಬನು ಕೊನೆಯ ಹತ್ತು ನಿಮಿಷಕ್ಕಾದರೂ ಕಣಕ್ಕಿಳಿದಾನು. ಗೋಲ್‌ಕೀಪರನನ್ನು ದಣಿವಿನ ನೆಪದಿಂದ ಬದಲಿಸುವ ವಾಡಿಕೆಯಿಲ್ಲ. ಆತ ಗಾಯಗೊಳ್ಳಬೇಕು, ಇಲ್ಲವೆ ತಪ್ಪು ಮಾಡಿ ಹೊರಹಾಕಿಸಿಕೊಳ್ಳಬೇಕು. ಸಂಗಾತಿಗೆ ಕೇಡನ್ನು ಬಯಸಬಾರದು. ಆ ಕೇಡಿನ ಹೊರತು ತನಗೆ ಅವಕಾಶವೂ ಇಲ್ಲ. ಇಂಥ ಸಂದಿಗ್ಧದಲ್ಲಿ ವಾರವೆಲ್ಲ ಬೆವರು ಸುರಿಸಿ, ಆಟದ ದಿನ ಕೈಕಟ್ಟಿ ಕುಳಿತು ನೋಡುವುದೇ ಆತನ ಉದ್ಯೋಗ.

ಹಾಗೆ ಒಂಬತ್ತು ವರ್ಷ ಕುಳಿತು ನೋಡಿದವನೊಬ್ಬನ ಕಥೆಯನ್ನು ಈ ವಾರ ವಾಚಕರ ಮುಂದಿಡುತ್ತಿದ್ದೇವೆ. ಆತನ ಪೂರ್ಣ ಹೆಸರು ರಮೋನ್ ರೋದ್ರಿಗೆಸ್ ವೆರ್ದೇಹೊ. ಅಷ್ಟುದ್ದ ಹೆಸರನ್ನು ಸ್ಪೇನ್ ದೇಶದವರೂ ಬಳಸುವುದಿಲ್ಲ. ಜಗತ್ತಿಗೆಲ್ಲ ಆತ ‘ಮೊಂಚಿ’. ಹುಟ್ಟಿದ್ದು 1968ರಲ್ಲಿ, ಸ್ಪೇನಿನ ದಕ್ಷಿಣ ತುದಿಯ ಕಾದಿಸ್ ಪ್ರಾಂತದ ಸಾನ್ ಫೆರ್ನಾಂದೊ ಎಂಬ ಕಡಲತೀರದ ಊರಿನಲ್ಲಿ. ಆಂದಲೂಸಿಯಾ ಸೀಮೆಯ ರಾಜಧಾನಿ ಸೆವಿಯಾ ನಗರದ ಹಳೆಯ ಕ್ಲಬ್ಬಿನಲ್ಲಿ ಆತ 1990ರಿಂದ 1999ರವರೆಗೆ ಗೋಲ್‌ಕೀಪರ್ ಆಗಿದ್ದ. ಆದರೆ ಗೋಲಿನ ಮುಂದೆ ನಿಲ್ಲುವ ಭಾಗ್ಯ ಬಹುಪಾಲು ಉನ್ಸುವೆ ಎಂಬ ಇನ್ನೊಬ್ಬನದಾಗಿತ್ತು. ಆ ವರ್ಷಗಳಲ್ಲಿ ಕ್ಲಬ್ಬಿನಲ್ಲಿ ದೊಡ್ಡ ದೊಡ್ಡವರಿದ್ದರು. 1992-93ರ ಒಂದು ಋತುವಿನಲ್ಲಿ ಸಾಕ್ಷಾತ್ ಮರಡೋನಾ ಅಲ್ಲಿ ಆಡಿದ. ಅರ್ಜೆಂಟೀನದ ಸಿಮಿಯೋನೆ ಇದ್ದ, ಕ್ರೊಯೇಷಿಯದ ಶೂಕರ್ ಇದ್ದ. ಇವರೆಲ್ಲರ ಆಟವನ್ನು ಮೊಂಚಿ ಅತಿ ಸಮೀಪದ ಆಸನದಿಂದ ನೋಡಿದ. ಆ ಆಸನಕ್ಕೆ ಟಿಕೆಟ್ಟಿಲ್ಲ. ಅದರ ಬೆಲೆಯನ್ನು ಬೇರೆ ರೀತಿಯಲ್ಲಿ ತೆರಬೇಕಾಗುತ್ತದೆ.

ಆಟದಿಂದ ನಿವೃತ್ತನಾದಾಗ ಆತನಿಗೆ ಮೂವತ್ತು ವರ್ಷ. ಮರುವರ್ಷವೇ, ಅಂದರೆ 2000ದ ಬೇಸಗೆಯಲ್ಲಿ, ಸೆವಿಯಾ ತಂಡ ಲೀಗಿನಲ್ಲಿ ಕಟ್ಟಕಡೆಯ ಸ್ಥಾನ ಪಡೆದು ಎರಡನೆಯ ದರ್ಜೆಗೆ ಇಳಿಯಿತು. ಬೊಕ್ಕಸ ಬರಿದಾಗಿತ್ತು. ಕ್ಲಬ್ಬು ಕೊನೆಯದಾಗಿ ಒಂದು ದೊಡ್ಡ ಪ್ರಶಸ್ತಿಯನ್ನು ಗೆದ್ದದ್ದು 1948ರಲ್ಲಿ. ಅದನ್ನು ಕಣ್ಣಾರೆ ಕಂಡವರು ಅಜ್ಜಂದಿರಾಗಿದ್ದರು. ಇಂಥ ಮುಳುಗುವ ಹಡಗಿನ ಚುಕ್ಕಾಣಿಯ ಒಂದು ಕೊನೆಯನ್ನು ಅಧ್ಯಕ್ಷರು ಮೊಂಚಿಯ ಕೈಗೆ ಕೊಟ್ಟು, ‘ಕ್ರೀಡಾ ನಿರ್ದೇಶಕ’ ಎಂದು ಹೆಸರಿಟ್ಟರು. ಮೂವತ್ತೊಂದು ವರ್ಷದ, ಆಡಳಿತದ ಅನುಭವವಿಲ್ಲದ ಮಾಜಿ ಎರಡನೆಯ ಗೋಲ್‌ಕೀಪರ್!

ಕ್ರೀಡಾ ನಿರ್ದೇಶಕನೆಂದರೆ ಯಾರು ಎಂದು ವಾಚಕರು ಕೇಳಬಹುದು. ತಂಡವನ್ನು ಆಡಿಸುವವನು ತರಬೇತುದಾರ. ಆಡಿಸಲು ಬೇಕಾದ ಆಟಗಾರರನ್ನು ಹುಡುಕಿ, ಚೌಕಾಸಿ ಮಾಡಿ, ಕೊಂಡು ತರುವವನು, ಸಮಯ ನೋಡಿ ಮಾರುವವನು, ಈ ನಿರ್ದೇಶಕ. ಹೊಲ ಉಳುವವನು ಒಬ್ಬ, ಬೀಜ ಆರಿಸುವವನು ಇನ್ನೊಬ್ಬ ಎಂದರೆ ಸರಿಹೋದೀತು. ಕೊಳ್ಳಲು ಹಣವಿದ್ದವನಿಗೆ ಈ ಕೆಲಸ ಸುಲಭ. ಮ್ಯಾಡ್ರಿಡ್, ಬಾರ್ಸಿಲೋನಾಗಳು ಈಗಾಗಲೇ ಹೆಸರು ಮಾಡಿದವನನ್ನು ಕೊಳ್ಳುತ್ತವೆ. ಹಣವಿಲ್ಲದವನು ನಾಳೆ ಹೆಸರು ಮಾಡುವವನನ್ನು ಇಂದೇ ಗುರುತಿಸಬೇಕು. ‘ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣು’ ಎಂಬ ನಮ್ಮ ಗಾದೆಯನ್ನು ಹೇಳುವುದು ಸುಲಭ, ಕಂಡವರು ಕಡಿಮೆ. ಏಕೆಂದರೆ ಮೊಳಕೆಯಲ್ಲಿ ಎಲ್ಲ ಗಿಡಗಳೂ ಹೆಚ್ಚು ಕಡಿಮೆ ಒಂದೇ ತೆರನಾಗಿರುತ್ತವೆ.

ಮೊದಲು ಆತ ಮನೆಯ ಹಿತ್ತಲನ್ನೇ ನೋಡಿದ. ಕ್ಲಬ್ಬಿನ ಬಾಲಶಾಲೆಯಲ್ಲಿ ಪಾಬ್ಲೊ ಬ್ಲಾಂಕೊ ಎಂಬ ಹಳೆಯ ಆಟಗಾರರು ಊರೂರಿನ ಹುಡುಗರನ್ನು ಕಲೆಹಾಕಿ ಬೆಳೆಸುತ್ತಿದ್ದರು. ಉತ್ರೇರಾ ಊರಿನ ರೇಯೆಸ್, ಕಾಮಾಸ್ ಊರಿನ ಸೆರ್ಹಿಯೊ ರಾಮೋಸ್, ಲೋಸ್ ಪಲಾಸಿಯೋಸಿನ ಹೆಸೂಸ್ ನಾವಾಸ್ ಇವರೆಲ್ಲ ಅಲ್ಲಿಯವರೇ. ಹಿತ್ತಲ ಗಿಡ ಮದ್ದಲ್ಲವೆಂಬ ಮಾತನ್ನು ಈ ಕ್ಲಬ್ಬು ಸುಳ್ಳು ಮಾಡಿತು. ಮರುವರ್ಷವೇ ತಂಡ ಎರಡನೆಯ ದರ್ಜೆಯಲ್ಲಿ ಮೊದಲನೆಯದಾಗಿ ಮೇಲೇರಿತು. ರೇಯೆಸ್‌ನನ್ನು 2004ರ ಜನವರಿಯಲ್ಲಿ ಲಂಡನ್ನಿನ ಆರ್ಸೆನಲ್ ಕೊಂಡಿತು. ಹತ್ತೊಂಬತ್ತರ ಹರೆಯದ ರಾಮೋಸ್‌ಗಾಗಿ 2005ರಲ್ಲಿ ರಿಯಲ್ ಮ್ಯಾಡ್ರಿಡ್ 2 ಕೋಟಿ 70 ಲಕ್ಷ ಯೂರೋ ತೆತ್ತಿತು. ಊರವರು ಅತ್ತರು, ಬೊಕ್ಕಸ ತುಂಬಿತು.

ಅಷ್ಟರಲ್ಲೇ ಮೊಂಚಿ ಹೊರಗೂ ಹೊರಟಿದ್ದ. 2003ರ ಆದಿಯಲ್ಲಿ ಬ್ರೆಜಿಲಿನ ಬಾಹಿಯಾದಿಂದ ಹತ್ತೊಂಬತ್ತು ವರ್ಷದ ದಾನಿ ಆಲ್ವೆಸ್ ಎಂಬ ಹುಡುಗನನ್ನು ಅಲ್ಪ ಬೆಲೆಗೆ ತಂದ. ಅದೇ ವರ್ಷ ಸಾವೊ ಪಾವ್ಲೊದಿಂದ ಹೂಲಿಯೊ ಬಾಪ್ತಿಸ್ತಾ ಬಂದ. ಆತ ರಕ್ಷಣೆಗೆ ಒತ್ತಾಸೆಯಾಗಿ ಆಡುವವನು. ತರಬೇತುದಾರ ಕಪರ್ರೋಸ್ ಆತನನ್ನು ಮುಂದಕ್ಕೆ ದೂಡಿ ನಿಲ್ಲಿಸಿದೊಡನೆ ಎರಡು ಋತುಗಳಲ್ಲಿ 38 ಲೀಗ್ ಗೋಲುಗಳನ್ನು ಹೊಡೆದು, ಆತನೂ ಮ್ಯಾಡ್ರಿಡ್ಡಿಗೆ ಮಾರಾಟವಾದ. ಆಲ್ವೆಸ್ 2008ರಲ್ಲಿ ಸುಮಾರು 3 ಕೋಟಿ ಯೂರೋ ಬೆಲೆಗೆ ಬಾರ್ಸಿಲೋನಾ ಸೇರಿದ. ಅಷ್ಟರೊಳಗೆ ಸೆವಿಯಾ ತನ್ನ ಅರ್ಧ ಶತಮಾನದ ಬರವನ್ನು ನೀಗಿಕೊಂಡಿತ್ತು. 2006ರ ಮೇ ತಿಂಗಳಲ್ಲಿ ಐಂಡ್‌ಹೋವನ್ನಿನಲ್ಲಿ ಮಿಡಲ್ಸ್‌ಬರೋ ತಂಡವನ್ನು 4-0 ಗೋಲುಗಳಿಂದ ಸೋಲಿಸಿ ಯುಯೆಫಾ ಕಪ್ಪನ್ನು ಎತ್ತಿತು. 1948ರಿಂದ ಎಣಿಸಿದರೆ 58 ವರ್ಷ!

ಇದೆಲ್ಲ ಒಬ್ಬನ ಕಣ್ಣಿನ ಮಾಟವೆಂದು ಯಾರಾದರೂ ಹೇಳಿದರೆ ಮೊಂಚಿಯೇ ಒಪ್ಪುವುದಿಲ್ಲ. ತನ್ನ ಕಾರ್ಯಕ್ರಮವನ್ನು ಆತ ಮುಚ್ಚಿಟ್ಟವನಲ್ಲ. ಅನೇಕ ಸಲ ಬಹಿರಂಗವಾಗಿ ವಿವರಿಸಿದ್ದಾನೆ. ಒಂದು ಡಜನ್ನಿಗೂ ಮಿಕ್ಕ ಶೋಧಕರು ಬೇರೆ ಬೇರೆ ದೇಶಗಳ ಲೀಗುಗಳನ್ನು ಹಂಚಿಕೊಳ್ಳುತ್ತಾರೆ. ಋತುವಿನ ಮೊದಲ ಐದು ತಿಂಗಳು ಇಂಥವನೇ ಬೇಕೆಂಬ ಗುರಿಯಿಲ್ಲದೆ ಎಲ್ಲರನ್ನೂ ನೋಡುವುದು. ಪ್ರತಿ ತಿಂಗಳ ಕೊನೆಗೆ ತಂತಮ್ಮ ಲೀಗಿನ ಶ್ರೇಷ್ಠ ಹನ್ನೊಂದು ಮಂದಿಯ ಪಟ್ಟಿ ಬರೆಯುವುದು. ಡಿಸೆಂಬರ್ ಬಂದಾಗ, ಆ ಪಟ್ಟಿಗಳಲ್ಲಿ ಪದೇ ಪದೇ ಕಾಣಿಸಿದ ಹೆಸರುಗಳನ್ನು ಆರಿಸಿಕೊಂಡು ಮತ್ತೆ ನೋಡುವುದು. ಆಗ ಒಬ್ಬನೇ ಆಟಗಾರನನ್ನು ಊರಿನ ಮೈದಾನದಲ್ಲಿ ನೋಡಬೇಕು, ಪರಊರಿನಲ್ಲಿ ನೋಡಬೇಕು, ದೇಶದ ತಂಡದಲ್ಲಿ ಆಡುವಾಗ ನೋಡಬೇಕು. ಒಬ್ಬನ ಕಣ್ಣಿಗೆ ಬಿದ್ದವನನ್ನು ಇನ್ನೊಬ್ಬನೂ ಹೋಗಿ ನೋಡಿಬರಬೇಕು. ತರಬೇತುದಾರನು ಹೆಸರನ್ನು ಸೂಚಿಸುವುದಿಲ್ಲ. ಎಡಗಾಲಿನವನೆ, ಎತ್ತರದವನೆ, ವೇಗಿಯೆ ಎಂದು ಲಕ್ಷಣಗಳನ್ನಷ್ಟೇ ತಿಳಿಸುತ್ತಾನೆ. ಹೆಸರುಗಳು ಪಟ್ಟಿಯಿಂದ ಬರುತ್ತವೆ. ಕನ್ಯಾಪರೀಕ್ಷೆಗೆ ಒಮ್ಮೆ ಹೋಗಿ ಉಪ್ಪಿಟ್ಟು ತಿಂದು ಬಂದು ಒಪ್ಪಿಗೆ ಕೊಡುವ ನಮ್ಮ ಹಿರಿಯರು ಈ ಜಾಗ್ರತೆಯನ್ನು ಕಂಡು ನಾಚಬೇಕು.

ಆದರೂ ಎಲ್ಲರ ಬಳಿಯೂ ಇರಬಹುದಾದ ಪಟ್ಟಿಗಳಿಂದ ಈತನಿಗೆ ಮಾತ್ರ ಅಷ್ಟು ಫಲ ಹೇಗೆ ದೊರೆಯಿತು? ನಮಗೆ ತೋರುವ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಸೆವಿಯಾ ಗೆದ್ದ ಕಪ್ಪುಗಳ ಪಟ್ಟಿಯನ್ನು ಹಿಡಿದು, ಆಯಾ ವರ್ಷದ ಗೋಲ್‌ಕೀಪರ್ ಯಾರೆಂದು ಬರೆಯುತ್ತಾ ಹೋದರೆ ಒಂದು ವಿಚಿತ್ರ ಕಾಣಿಸುತ್ತದೆ.

ಆಂದ್ರೆಸ್ ಪಾಲೋಪ್ ಎಂಬಾತ ವೆಲೆನ್ಸಿಯಾ ಕ್ಲಬ್ಬಿನಲ್ಲಿ ವರ್ಷಗಟ್ಟಲೆ ಕನ್ಯಿಸಾರೆಸ್ ಎಂಬ ಪ್ರಖ್ಯಾತನ ಹಿಂದೆ ಬೆಂಚಿನ ಮೇಲೆ ಕುಳಿತಿದ್ದವನು. ಮೂವತ್ತು ದಾಟಿದ ಆತನನ್ನು ಮೊಂಚಿ 2005ರಲ್ಲಿ ಕರೆತಂದ. 2007ರ ಮಾರ್ಚಿನಲ್ಲಿ ಉಕ್ರೇನಿನ ದೊನೆತ್ಸ್ಕ್ ನಗರದಲ್ಲಿ ತಂಡ ಸೋತು ಹೊರಬೀಳಲು ಕ್ಷಣಗಳಷ್ಟೇ ಉಳಿದಿದ್ದಾಗ, ಪಾಲೋಪ್ ತನ್ನ ಗೋಲನ್ನು ತೆರೆದಿಟ್ಟು ಎದುರಾಳಿಯ ಗೋಲಿನವರೆಗೆ ಓಡಿ ತಲೆಯಿಂದ ಚೆಂಡನ್ನು ಒಳಗೆ ಹೊಡೆದ! ಪಂದ್ಯ ಉಳಿಯಿತು, ಹೆಚ್ಚುವರಿ ಸಮಯದಲ್ಲಿ ಗೆಲುವೂ ಬಂತು. ಆ ಮೇ ತಿಂಗಳಲ್ಲಿ ಗ್ಲಾಸ್ಗೋದಲ್ಲಿ ನಡೆದ ಅಂತಿಮ ಪಂದ್ಯ ಪೆನಾಲ್ಟಿಗಳಿಗೆ ಹೋದಾಗ ಎಸ್ಪನ್ಯೋಲಿನ ಮೂರು ಹೊಡೆತಗಳನ್ನು ಆತನೇ ತಡೆದ. ಕಪ್ಪು ಎರಡನೆಯ ಸಲ ಸೆವಿಯಾಕ್ಕೆ ಬಂತು.

2014ರಲ್ಲಿ ಟೂರಿನ್‌ನಲ್ಲಿ ಬೆನ್‌ಫಿಕಾ ತಂಡದ ಎದುರು ಮತ್ತೆ ಪೆನಾಲ್ಟಿಗಳು. ಎರಡು ಹೊಡೆತಗಳನ್ನು ತಡೆದವನು ಬೆತೊ; ಹಿಂದೆ ಪೋರ್ಟೊ ಕ್ಲಬ್ಬಿನಲ್ಲಿ ಎರಡನೆಯ ಗೋಲ್‌ಕೀಪರ್ ಆಗಿದ್ದವನು. 2019ರಲ್ಲಿ ಹಿರೋನಾ ಕ್ಲಬ್ಬಿನಿಂದ ಎರವಲಾಗಿ ಬಂದ ಮೊರಾಕೊ ದೇಶದ ಬೋನೊ ಕೂಡ ಸೆವಿಯಾದಲ್ಲಿ ಎರಡನೆಯವನೇ. ಮೊದಲನೆಯವನು ಗಾಯಗೊಂಡಿದ್ದರಿಂದ 2020ರ ಆಗಸ್ಟಿನಲ್ಲಿ ಆತನಿಗೆ ಸರದಿ ಬಂತು. ವುಲ್ವ್ಸ್ ತಂಡದ ಪೆನಾಲ್ಟಿಯನ್ನು ತಡೆದ. ಅಂತಿಮ ಪಂದ್ಯದಲ್ಲಿ ಒಬ್ಬನೇ ನುಗ್ಗಿ ಬಂದ ಲುಕಾಕುವನ್ನು ತಡೆದ. ಇಂಟರ್ ತಂಡ 3-2ರಿಂದ ಸೋತಿತು. ಅದೇ ಬೋನೊ 2022ರ ವಿಶ್ವಕಪ್ಪಿನಲ್ಲಿ ತನ್ನ ದೇಶವನ್ನು ಉಪಾಂತ್ಯದವರೆಗೆ ಕೊಂಡೊಯ್ದ.

ಬೆಂಚಿನ ಮೇಲೆ ಕುಳಿತವನ ಬೆಲೆಯನ್ನು ಬೆಂಚಿನ ಮೇಲೆ ಕುಳಿತವನೇ ಬಲ್ಲ. ಆಡದೆ ಇರುವವನನ್ನು ಲೋಕವು ಆಡಲಾರದವನೆಂದು ತಿಳಿಯುತ್ತದೆ. ಈ ಎರಡರ ನಡುವಣ ಅಂತರವನ್ನು ಮೊಂಚಿ ಒಂಬತ್ತು ವರ್ಷ ಅನುಭವಿಸಿ ಅರಿತಿದ್ದ. ಇದು ನಮ್ಮ ಊಹೆಯೇ ಸರಿ; ಆದರೆ ಮೂರು ಕಪ್ಪುಗಳ ಆಧಾರ ಈ ಊಹೆಗಿದೆ.

ಇಷ್ಟು ಹೇಳಿ ಮುಗಿಸಿದರೆ ಇದು ಬರಿಯ ಸ್ತೋತ್ರವಾದೀತು. ಈ ವೃತ್ತಿಗೆ ಇನ್ನೊಂದು ಮುಖವಿದೆ. ಮನುಷ್ಯನನ್ನು ಅಗ್ಗಕ್ಕೆ ಕೊಂಡು ದುಬಾರಿಗೆ ಮಾರುವುದನ್ನು ಜಾಣತನವೆಂದು ಕೊಂಡಾಡುವಾಗ ಮನಸ್ಸು ಒಮ್ಮೆ ಹಿಂಜರಿಯುತ್ತದೆ. ಕೊಂದೊಗ್ಬಿಯಾ ಎಂಬ ಫ್ರೆಂಚ್ ಹುಡುಗ 2012ರಲ್ಲಿ ಬಂದು ಮರುವರ್ಷವೇ 2 ಕೋಟಿ ಯೂರೋ ತಂದುಕೊಟ್ಟು ಹೋದ. ಕೊಲಂಬಿಯದ ಬಾಕಾ 2015ರ ಅಂತಿಮ ಪಂದ್ಯದಲ್ಲಿ ಎರಡು ಗೋಲು ಹೊಡೆದ ಕೆಲವೇ ವಾರಗಳಲ್ಲಿ 3 ಕೋಟಿಗೆ ಮಿಲಾನಿಗೆ ಮಾರಾಟವಾದ. ಆಟಗಾರನೇನು ಹತ್ತಿಯ ಅಂಡಿಗೆಯೆ? ಮೊಂಚಿಯ ಪರವಾಗಿ ಹೇಳುವವರು, ಹೋದವರೆಲ್ಲ ಹೆಚ್ಚಿನ ಸಂಬಳಕ್ಕೆ, ತಮ್ಮ ಇಚ್ಛೆಯಿಂದಲೇ ಹೋದರು, ಮಾರದಿದ್ದರೆ ಕ್ಲಬ್ಬೇ ಉಳಿಯುತ್ತಿರಲಿಲ್ಲ ಎನ್ನುತ್ತಾರೆ. ಅದು ನಿಜ. ಆದರೂ ಗೋಡೆಗೆ ಮಗನ ಕೈಯಿಂದ ನಾಯಕನ ಚಿತ್ರ ಅಂಟಿಸಿಸಿದ ತಂದೆ ಮರುವರ್ಷ ಅದನ್ನು ಕಿತ್ತು ಇನ್ನೊಂದನ್ನು ಅಂಟಿಸಬೇಕಾದ ಸಂಕಟವೂ ನಿಜ.

ಲೆಕ್ಕದ ಪುಸ್ತಕಕ್ಕೆ ಸಿಕ್ಕದ ಹೆಸರುಗಳೂ ಇವೆ. ಆಂತೋನಿಯೊ ಪುಯೆರ್ತಾ ಸೆವಿಯಾ ನಗರದಲ್ಲೇ ಹುಟ್ಟಿ, ಕ್ಲಬ್ಬಿನ ಬಾಲಶಾಲೆಯಲ್ಲೇ ಬೆಳೆದವನು. 2006ರ ಉಪಾಂತ್ಯದಲ್ಲಿ ಶಾಲ್ಕೆ ತಂಡದ ಎದುರು ನೂರನೆಯ ನಿಮಿಷದಲ್ಲಿ ಎಡಗಾಲಿನಿಂದ ಗೋಲು ಹೊಡೆದು, ಮೊದಲ ಕಪ್ಪಿನ ಬಾಗಿಲು ತೆರೆದವನು ಆತನೇ. 2007ರ ಆಗಸ್ಟ್ 25ರಂದು ತನ್ನ ಊರಿನ ಮೈದಾನದಲ್ಲಿ ಆಡುತ್ತಿದ್ದಾಗ ಹೃದಯ ತಡೆದು ಕುಸಿದ. ಮೂರು ದಿನಗಳ ಬಳಿಕ ತೀರಿಕೊಂಡ. ವಯಸ್ಸು ಇಪ್ಪತ್ತೆರಡು. ಆತನ ಅಂಗಿಯ ಸಂಖ್ಯೆ 16. ನಾವಾಸ್ ಎಂಬ ಇನ್ನೊಬ್ಬ ಊರ ಹುಡುಗನಿಗೆ ಎಳೆಯ ಪ್ರಾಯದಲ್ಲಿ ಮನೆ ಬಿಟ್ಟು ದೂರ ಹೋದರೆ ಉಸಿರು ಕಟ್ಟಿದಂತಾಗುತ್ತಿತ್ತು. ತಂಡದೊಡನೆ ಶಿಬಿರಕ್ಕೆ ಹೋಗಲೂ ಅಂಜುತ್ತಿದ್ದ. ಆತನನ್ನು ಅವಸರಪಡಿಸದೆ ಕಾದರು. ಭಯವನ್ನು ಗೆದ್ದ ಆತ 2010ರಲ್ಲಿ ಸ್ಪೇನಿನ ಪರವಾಗಿ ವಿಶ್ವಕಪ್ ಗೆದ್ದ, ಇಂಗ್ಲೆಂಡಿನಲ್ಲಿ ನಾಲ್ಕು ವರ್ಷ ಆಡಿದ, 2017ರಲ್ಲಿ ಮನೆಗೆ ಮರಳಿ ಪುಯೆರ್ತಾನ 16ನೆಯ ಸಂಖ್ಯೆಯ ಅಂಗಿಯನ್ನೇ ತೊಟ್ಟು 2024ರವರೆಗೆ ಆಡಿದ. ಈ ಇಬ್ಬರ ಲಾಭನಷ್ಟವನ್ನು ಯಾವ ಗುಮಾಸ್ತ ಬರೆದಾನು?

ಇನ್ನು ಮೊಂಚಿಯ ಸೋಲಿನ ಅಧ್ಯಾಯ. 2014, 2015, 2016 ಹೀಗೆ ಸಾಲಾಗಿ ಮೂರು ವರ್ಷ ಯುರೋಪಾ ಲೀಗನ್ನು ಗೆದ್ದ ಮೇಲೆ ಆತ ದಣಿದಿದ್ದ. 2017ರ ವಸಂತದಲ್ಲಿ ಸೆವಿಯಾ ಬಿಟ್ಟು ಇಟಲಿಯ ರೋಮಾ ಕ್ಲಬ್ಬಿಗೆ ಹೋದ. ಲೆಕ್ಕಪತ್ರದ ನಿಯಮಗಳಿಗೆ ಸಿಕ್ಕಿಕೊಂಡಿದ್ದ ರೋಮಾ ಮಾರಲೇಬೇಕಾಗಿತ್ತು. ಈಜಿಪ್ಟಿನ ಸಲಾಹ್ ಲಿವರ್‌ಪೂಲಿಗೆ ಹೋದ; ಮರುವರ್ಷ ಯುರೋಪಿನ ಮಹಾಕಪ್ಪಿನ ಉಪಾಂತ್ಯದಲ್ಲಿ ಅದೇ ಸಲಾಹ್ ರೋಮಾದ ವಿರುದ್ಧವೇ ಎರಡು ಗೋಲು ಹೊಡೆದ! 2018ರಲ್ಲಿ ಗೋಲ್‌ಕೀಪರ್ ಅಲಿಸನ್‌ನನ್ನೂ ಅದೇ ಲಿವರ್‌ಪೂಲಿಗೆ, ಅಂದಿಗೆ ಗೋಲ್‌ಕೀಪರನೊಬ್ಬನಿಗೆ ಸಂದ ಅತಿ ದೊಡ್ಡ ಬೆಲೆಗೆ ಮಾರಿದರು. ಬದಲಿಗೆ ದುಬಾರಿಯಾಗಿ ತಂದ ಶಿಕ್, ಪಾಸ್ತೋರೆ ಮುಂತಾದವರು ಫಲ ಕೊಡಲಿಲ್ಲ. ಅದೇ ಬೇಸಗೆಯಲ್ಲಿ ಬೋರ್ಡೋ ಕ್ಲಬ್ಬಿನ ಮಾಲ್ಕಮ್ ತಮ್ಮವನಾದನೆಂದು ರೋಮಾ ಘೋಷಿಸಿತು; ಆತ ವಿಮಾನ ಹತ್ತುವ ಮೊದಲೇ ಬಾರ್ಸಿಲೋನಾ ಕೊಂಡೊಯ್ದಿತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಅಪಹಾಸ್ಯಕ್ಕೆ ಗುರಿಯಾದವರಲ್ಲಿ ಮೊಂಚಿಯೇ ಮೊದಲಿಗ. 2019ರ ಮಾರ್ಚಿನಲ್ಲಿ, ಎರಡು ವರ್ಷ ತುಂಬುವ ಮೊದಲೇ, ರೋಮಾ ಬಿಟ್ಟ. ಅದೇ ತಿಂಗಳು ಸೆವಿಯಾ ಆತನನ್ನು ಮರಳಿ ಬರಮಾಡಿಕೊಂಡಿತು.

ಕಣ್ಣು ಅದೇ, ಪಟ್ಟಿ ಮಾಡುವ ರೀತಿಯೂ ಅದೇ. ಹಾಗಿದ್ದರೆ ರೋಮಿನಲ್ಲಿ ಏಕೆ ಸೋತ? ಮಣ್ಣನ್ನು ಅರಿಯದವನಿಗೆ ಬೀಜದ ಅರಿವು ಸಾಲದು ಎಂದು ತೋರುತ್ತದೆ. ಸೆವಿಯಾದಲ್ಲಿ ಆತನಿಗೆ ಪ್ರತಿಯೊಂದು ಕೋಣೆಯ ಗೋಡೆಯೂ ಗೊತ್ತು. ತಪ್ಪಿದ ಆಯ್ಕೆಯನ್ನು ಸಹಿಸುವ ತಾಳ್ಮೆ ಅಲ್ಲಿನ ಜನಕ್ಕೆ ಆತನ ವಿಷಯದಲ್ಲಿತ್ತು. ತಪ್ಪುಗಳೇನು ಅಲ್ಲಿ ಕಡಿಮೆಯೆ? 2007ರಲ್ಲಿ ದೊಡ್ಡ ಬೆಲೆಗೆ ತಂದ ಅರೂನಾ ಕೊನೆ ಗೋಲುಗಳಿಲ್ಲದೆ ಸೊರಗಿದ. ಆದರೆ ಒಂದು ತಪ್ಪನ್ನು ಮುಂದಿನ ಆಲ್ವೆಸ್ ಮುಚ್ಚುತ್ತಾನೆಂಬ ನಂಬಿಕೆ ಅಲ್ಲಿತ್ತು. ಪರಸ್ಥಳದಲ್ಲಿ ಅಷ್ಟು ಕಾಲಾವಕಾಶವನ್ನು ಯಾರು ಕೊಟ್ಟಾರು?

ಮರಳಿ ಬಂದ ಮೇಲೆ 2019ರಲ್ಲಿ ಬೋರ್ಡೋದಿಂದ ತಂದ ಕುಂದೆ ಎಂಬ ರಕ್ಷಕ 2022ರಲ್ಲಿ 5 ಕೋಟಿ ಯೂರೋ ಬೆಲೆಗೆ ಬಾರ್ಸಿಲೋನಾ ಸೇರಿದ. ಆದರೆ ಕುಂದೆಯಂಥವರು ಹೋದ ಬಳಿಕ ತಂಡ ಬಡವಾಯಿತು. 2022-23ರ ಋತುವಿನಲ್ಲಿ ಮೂವರು ತರಬೇತುದಾರರು ಬದಲಾದರು. ಲೀಗಿನಲ್ಲಿ ಸಿಕ್ಕಿದ್ದು 12ನೆಯ ಸ್ಥಾನ. ಅಂಥ ವರ್ಷದಲ್ಲೇ, 2023ರ ಮೇ 31ರಂದು ಬುಡಾಪೆಸ್ಟಿನಲ್ಲಿ, ಏಳನೆಯ ಸಲ ಕಪ್ಪು ಬಂತು. ಎದುರಾಳಿ ಯಾರು? ರೋಮಾ! ಪೆನಾಲ್ಟಿಗಳಲ್ಲಿ ಎರಡು ಹೊಡೆತಗಳನ್ನು ವಿಫಲಗೊಳಿಸಿದವನು, ಎರಡನೆಯ ಗೋಲ್‌ಕೀಪರ್ ಎಂದು ಬಂದಿದ್ದ ಬೋನೊ. ಕಥೆಗಾರನೊಬ್ಬ ಹೀಗೆ ಬರೆದಿದ್ದರೆ ಅಸಂಭವವೆಂದು ಸಂಪಾದಕರು ಹಿಂದಿರುಗಿಸುತ್ತಿದ್ದರು.

ಮುಂದಿನ ತಿಂಗಳೇ ಮೊಂಚಿ ಇಂಗ್ಲೆಂಡಿನ ಆಸ್ಟನ್ ವಿಲಾ ಸೇರಿ, ಹಿಂದೆ ಸೆವಿಯಾದಲ್ಲಿ ತನ್ನೊಡನೆ ಸಾಲಾಗಿ ಮೂರು ಕಪ್ಪು ಗೆದ್ದ ತರಬೇತುದಾರ ಉನಾಯ್ ಎಮೆರಿಯನ್ನು ಕೂಡಿಕೊಂಡ. 2024ರ ಫೆಬ್ರವರಿಯಲ್ಲಿ ಎರಡನೆಯ ದರ್ಜೆಯ ಮಿಡಲ್ಸ್‌ಬರೋದಿಂದ ಮಾರ್ಗನ್ ರಾಜರ್ಸ್ ಎಂಬ ಹುಡುಗ ಅಲ್ಲಿಗೆ ಬಂದು ಬೆಳಗಿದ. ಆ ವರ್ಷ ತಂಡ ಲೀಗಿನಲ್ಲಿ ನಾಲ್ಕನೆಯದಾಗಿ ಯುರೋಪಿನ ಮಹಾಕಪ್ಪಿಗೆ ಅರ್ಹತೆ ಪಡೆಯಿತು. 2025ರ ಸೆಪ್ಟೆಂಬರಿನಲ್ಲಿ ಆತ ಆ ಕ್ಲಬ್ಬನ್ನೂ ಬಿಟ್ಟ. ಇತ್ತ ಆತನಿಲ್ಲದ ಸೆವಿಯಾ 2025ರಲ್ಲಿ 17ನೆಯ ಸ್ಥಾನದಲ್ಲಿ ನಿಂತು ಕೂದಲೆಳೆಯಷ್ಟರಲ್ಲಿ ಕೆಳದರ್ಜೆಗೆ ಬೀಳುವುದನ್ನು ತಪ್ಪಿಸಿಕೊಂಡಿತು. ಆತ ಹೋದದ್ದೇ ಇದಕ್ಕೆ ಕಾರಣವೆಂದು ಕೆಲವರು. ಆತನ ಕೊನೆಯ ವರ್ಷಗಳ ದುಂದಿನ ಸಂಬಳಗಳೇ ಕಾರಣವೆಂದು ಇನ್ನು ಕೆಲವರು. ಎರಡರಲ್ಲಿಯೂ ಸತ್ಯಾಂಶ ಇದ್ದೀತು.

ನಮ್ಮ ಮನಸ್ಸು ಮಾತ್ರ ಮತ್ತೆ ಮತ್ತೆ ಹಿಂದಕ್ಕೆ, 1990ರ ದಶಕದ ಆ ಬೆಂಚಿಗೇ ಹೋಗುತ್ತದೆ. ಮರಡೋನಾನನ್ನು ನೋಡಲು ನೆರೆದ ಸಾವಿರಾರು ಜನರಲ್ಲಿ ಒಬ್ಬರಾದರೂ ಮೈದಾನದ ಅಂಚಿನಲ್ಲಿ ಕೈಗವಸು ತೊಟ್ಟು ಸುಮ್ಮನೆ ಕುಳಿತಿದ್ದ ಆ ಯುವಕನತ್ತ ತಿರುಗಿ ನೋಡಿರಲಾರರು. ಮುಂದೆ ಆ ಕ್ಲಬ್ಬಿಗೆ ಹನ್ನೊಂದು ಕಪ್ಪುಗಳು ಬಂದದ್ದು ಆ ಯುವಕನ ಕಾಲದಲ್ಲಿ. ಪ್ರತಿಭೆಯನ್ನು ಅರಸಿ ಬಂದ ಶೋಧಕ ಯಾವನಾದರೂ ಅಂದು ಆ ಮೈದಾನದಲ್ಲಿ ಕುಳಿತಿದ್ದರೆ ಆತನೂ ತನ್ನ ಟಿಪ್ಪಣಿಯಲ್ಲಿ ಆ ಹೆಸರನ್ನು ಬರೆದುಕೊಳ್ಳುತ್ತಿರಲಿಲ್ಲ.

ಮುಂದಿನ ಸಲ ಪಂದ್ಯ ನೋಡಲು ಹೋದಾಗ, ವಾಚಕರೇ, ಚೆಂಡು ಹೊರಗೆ ಹೋಗಿ ಆಟ ನಿಂತ ಆ ಅರೆಕ್ಷಣದಲ್ಲಿ, ಬೆಂಚಿನ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಅಲ್ಲಿ ಕುಳಿತವನೂ ಆಟವನ್ನು ನೋಡುತ್ತಿರುತ್ತಾನೆ; ಬಹುಶಃ ನಮ್ಮೆಲ್ಲರಿಗಿಂತ ಚೆನ್ನಾಗಿ ನೋಡುತ್ತಿರುತ್ತಾನೆ.